ಕಂಪ್ಯೂಟರ್ ಪೀರಿಯಡ್‌ನಲ್ಲಿ ಹೇಳಿಕೊಡದೇ ಉಳಿದ ಪಾಠ

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದು ನಲವತ್ತು ವರ್ಷ ದಾಟಿತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಹೆಸರಿನ ಯೋಜನೆ ಶುರು ಮಾಡಿತು. ಬಿಡಿಸಿ ಹೇಳಿದರೆ ‘ಕಂಪ್ಯೂಟರ್ ಲಿಟರಸಿ ಅಂಡ್ ಸ್ಟಡೀಸ್ ಇನ್ ಸ್ಕೂಲ್ಸ್’. ಆಯ್ದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಹೌದು, ಅದೇ ರೇಡಿಯೋದ ಬಿಬಿಸಿ. ಅವರ ಹೆಸರಿನಲ್ಲಿ ಏಕಾರ್ನ್ ಅನ್ನೋ ಕಂಪನಿ ತಯಾರಿಸಿದ ಕಂಪ್ಯೂಟರ್ ಅದು. (ಅಂದ ಹಾಗೆ, ಅದೇ ಏಕಾರ್ನ್ ಕಂಪನಿಯ ಇಂಜಿನಿಯರುಗಳು 1985ರಲ್ಲಿ ಮಾಡಿದ ‘ಆರ್ಮ್’ ಚಿಪ್ಪಿನ ವಂಶಸ್ಥರೇ ಇವತ್ತು ನಮ್ಮೆಲ್ಲರ ಮೊಬೈಲಿನೊಳಗೆ ಕೂತಿರೋದು. ಶಾಲೆಯ ಬೀಗ ಹಾಕಿದ ಕೋಣೆಯಲ್ಲಿದ್ದ ಯಂತ್ರದ ಮೊಮ್ಮಗ ಈಗ ಮಕ್ಕಳ ದಿಂಬಿನ ಕೆಳಗೆ ಮಲಗುತ್ತಾನೆ!)

ಆಗ ‘ಕಂಪ್ಯೂಟರ್ ಸಾಕ್ಷರತೆ’ ಅಂದರೆ ಯಂತ್ರದ ಪರಿಚಯ. ಕೀಬೋರ್ಡ್ ಯಾವುದು, ಮಾನಿಟರ್ ಯಾವುದು, ಬೇಸಿಕ್ ಭಾಷೆಯಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ. ಅದರಲ್ಲಿ ತಪ್ಪೇನೂ ಇಲ್ಲ. ಯಂತ್ರದ ಆಚೆ ತುದಿಯಲ್ಲಿ ಇನ್ನೊಬ್ಬ ಮನುಷ್ಯ ಇರುತ್ತಾನೆ ಅನ್ನೋ ಪ್ರಮೇಯವೇ ಆಗ ಇರಲಿಲ್ಲವಲ್ಲ. ವಿಚಿತ್ರ ಏನಂದರೆ, ಆ ಇನ್ನೊಬ್ಬ ಮನುಷ್ಯ ಬಂದು ಕೂತ ಮೇಲೂ ಬಹಳ ವರ್ಷ ಪಾಠ ಮಾತ್ರ ಅದೇ ಉಳಿಯಿತು. ಇನ್‌ಪುಟ್ ಸಾಧನಗಳನ್ನು ಹೆಸರಿಸಿ, ಔಟ್‌ಪುಟ್ ಸಾಧನಗಳನ್ನು ಹೆಸರಿಸಿ.

ಹದಿಹರೆಯದ ಮಕ್ಕಳ ಕೈಗೆ ಸೋಶಿಯಲ್ ಮೀಡಿಯಾ ಸಿಕ್ಕ ಮೇಲೆ ಅವರಿಗೆ ಬೇಕಾದದ್ದು ಎರಡು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ. ಒಂದು, ‘ಇದು ನಿಜವಾ?’. ಇನ್ನೊಂದು, ‘ಇದರಿಂದ ನನಗೆ ಏನಾಗ್ತಾ ಇದೆ?’. ಮೊದಲನೆಯದು ಡಿಜಿಟಲ್ ಸಾಕ್ಷರತೆಯ ಪ್ರಶ್ನೆ, ಎರಡನೆಯದು ಮಾನಸಿಕ ಆರೋಗ್ಯದ್ದು. ನಮ್ಮಲ್ಲಿ ಈ ಎರಡು ಪ್ರಶ್ನೆಗಳು ಬೇರೆ ಬೇರೆ ಇಲಾಖೆಗಳಲ್ಲಿ, ಬೇರೆ ಬೇರೆ ಕಟ್ಟಡಗಳಲ್ಲಿ ಹುಟ್ಟಿ ಬೆಳೆದವು. ಒಂದಕ್ಕೊಂದು ಮುಖಾಮುಖಿಯಾಗಲು ದಶಕಗಳೇ ಬೇಕಾದವು. ಈ ಬರಹ ಆ ಕಥೆ.

ಮೊದಲು ಕಂಪ್ಯೂಟರ್ ಕೋಣೆಯದು. 2001ರ ಸುಮಾರಿಗೆ ಕರ್ನಾಟಕದ ಸರ್ಕಾರಿ ಹೈಸ್ಕೂಲುಗಳಿಗೆ ‘ಮಾಹಿತಿ ಸಿಂಧು’ ಯೋಜನೆ ಬಂತು. ಅದೇ 2001ರಲ್ಲಿ ಪಕ್ಕದ ಕೇರಳದಲ್ಲಿ ‘ಐಟಿ ಅಟ್ ಸ್ಕೂಲ್’ ಶುರುವಾಯಿತು. ಎರಡರ ಉದ್ದೇಶ ಒಂದೇ, ದಾರಿ ಮಾತ್ರ ಬೇರೆ. ನಮ್ಮಲ್ಲಿ ಕಂಪ್ಯೂಟರ್ ಜೊತೆ ಕಲಿಸುವವರನ್ನೂ ಖಾಸಗಿ ಕಂಪನಿಗಳ ಮೂಲಕ ಗುತ್ತಿಗೆಯ ಮೇಲೆ ತಂದರು. ಗುತ್ತಿಗೆಯ ಅವಧಿ ಮುಗಿಯಿತು, ಕಲಿಸುವವರು ಹೋದರು, ಕಂಪ್ಯೂಟರ್ ಉಳಿಯಿತು. ಕೇರಳದವರು ತಮ್ಮದೇ ಮೇಷ್ಟ್ರು-ಮೇಡಂಗಳಿಗೆ ತರಬೇತಿ ಕೊಟ್ಟರು. ಅವರಲ್ಲೇ ಕೆಲವರನ್ನು ಮಾಸ್ಟರ್ ಟ್ರೈನರ್ ಮಾಡಿದರು. ಸ್ವತಂತ್ರ ತಂತ್ರಾಂಶಕ್ಕೆ ಬದಲಾಯಿಸಿಕೊಂಡರು. ಗಣಿತದ ಮೇಷ್ಟ್ರೇ ಕಂಪ್ಯೂಟರನ್ನೂ ಕಲಿಸುವಂತಾಯಿತು. ಆ ಹೊತ್ತಿಗೆ ಇದು ಬರೀ ಆಡಳಿತದ ವ್ಯತ್ಯಾಸ ಅನ್ನಿಸಿರಬಹುದು. ಹದಿನೇಳು ವರ್ಷದ ನಂತರ ವದಂತಿಗಳು ಮನೆ ಬಾಗಿಲಿಗೆ ಬಂದಾಗ ಯಾರ ಹತ್ತಿರ ಮೇಷ್ಟ್ರುಗಳಿದ್ದರು, ಯಾರ ಹತ್ತಿರ ಬರೀ ಕಂಪ್ಯೂಟರ್ ಇತ್ತು ಅನ್ನೋದು ಗೊತ್ತಾಯಿತು. ಅದಕ್ಕೆ ಆಮೇಲೆ ಬರ್ತೀನಿ.

ಇನ್ನೊಂದು ಪ್ರಶ್ನೆ ಹುಟ್ಟಿದ್ದು ಆಸ್ಪತ್ರೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಶಾಲಾ ಮಕ್ಕಳಿಗೆ ‘ಜೀವನ ಕೌಶಲ’ ಕಲಿಸಬೇಕು ಅಂತ ಹೇಳಿತು. ಸಿಟ್ಟನ್ನು, ಬೇಸರವನ್ನು ಗುರುತಿಸೋದು, ಒತ್ತಡ ನಿಭಾಯಿಸೋದು, ಒತ್ತಾಯಕ್ಕೆ ಮಣಿಯದೆ ‘ಇಲ್ಲ’ ಅನ್ನೋದು, ಇಂಥವು. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ನಮ್ಮ ಹೈಸ್ಕೂಲುಗಳಿಗೆ ಹೊಂದುವ ಹಾಗೆ ಒಂದು ಪಠ್ಯ ಮಾಡಿ, ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರಿಂದಲೇ ಪಾಠ ಮಾಡಿಸಿತು. ಡಾ. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಇದರ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಪಾಠ ಕೇಳಿದ 605 ಮಕ್ಕಳನ್ನು ಪಾಠ ಇಲ್ಲದ 423 ಮಕ್ಕಳ ಜೊತೆ ಹೋಲಿಸಿದ ಅಧ್ಯಯನ ಅದು. ಪಾಠ ಕೇಳಿದವರಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟ ನಿಭಾಯಿಸುವ ಶಕ್ತಿ ಹೆಚ್ಚಿತ್ತು, ಶಾಲೆಯಲ್ಲಿ, ಮೇಷ್ಟ್ರುಗಳ ಜೊತೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನೆಯಲ್ಲಿ ಮತ್ತು ಗೆಳೆಯರ ನಡುವೆ ಹೊಂದಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಮನೆ ಮತ್ತು ಗೆಳೆಯರು. ಅದೇ 2010ರಲ್ಲಿ ಮೊಬೈಲ್ ನುಗ್ಗುತ್ತಾ ಇದ್ದದ್ದು ಸರಿಯಾಗಿ ಆ ಎರಡು ಜಾಗಕ್ಕೇ!

ಆರ್ಕುಟ್ 2004ರಲ್ಲಿ ಬಂದಿತ್ತು. ಸೇರಲು 18 ವರ್ಷ ಆಗಿರಬೇಕಿತ್ತು, ಹಾಗಾಗಿ ಹೈಸ್ಕೂಲು ಹುಡುಗರೆಲ್ಲ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಒಂದೇ ಕ್ಷಣದಲ್ಲಿ ಪ್ರಾಪ್ತ ವಯಸ್ಕರಾಗುತ್ತಿದ್ದರು :-) 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕುವಷ್ಟರಲ್ಲಿ ಎಲ್ಲರೂ ಫೇಸ್‌ಬುಕ್ಕಿಗೆ ಹೋಗಿ ಆಗಿತ್ತು. ಫೇಸ್‌ಬುಕ್ಕಿಗೆ ‘ಲೈಕ್’ ಗುಂಡಿ ಬಂದದ್ದು 2009ರಲ್ಲಿ. ಮುಂದಿನ ವರ್ಷ ಇನ್‌ಸ್ಟಾಗ್ರಾಂ. ನನ್ನ ಹೊಟ್ಟೆಪಾಡಿನ ಕೆಲಸವೂ ಕೋಡ್ ಬರೆಯೋದೇ ಆದ್ದರಿಂದ ಒಂದು ಮಾತು ಹೇಳಬಲ್ಲೆ. ಲೈಕ್ ಅನ್ನೋದು ತಾಂತ್ರಿಕವಾಗಿ ಬಹಳ ಸಣ್ಣ ಕೆಲಸ, ಒಂದು ಗುಂಡಿ, ಒಂದು ಎಣಿಕೆ. ಆದರೆ ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರು ನನ್ನನ್ನು ಎಷ್ಟು ಇಷ್ಟಪಡ್ತಾರೆ ಅನ್ನೋದಕ್ಕೆ ಎಲ್ಲರಿಗೂ ಕಾಣುವಂಥ ಒಂದು ಅಂಕಿ ಅದಕ್ಕೂ ಮೊದಲು ಇರಲೇ ಇಲ್ಲ. ಯಾರು ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಅನ್ನೋ ಬೇಸರ ಹಿಂದೆಯೂ ಇತ್ತು. ಅದನ್ನು ಯಾರೂ ಎಣಿಸಿ ಹಣೆಯ ಮೇಲೆ ಅಂಟಿಸುತ್ತಿರಲಿಲ್ಲ.

ಈ ಜಾಲಗಳಿಗೆ ಸೇರುವ ಕನಿಷ್ಠ ವಯಸ್ಸು 13 ಅಂತ ಇರೋದು ಯಾಕೆ ಅಂತ ಯೋಚಿಸಿದ್ದೀರಾ? ಯಾವುದೋ ಮನಶ್ಶಾಸ್ತ್ರಜ್ಞರು ಲೆಕ್ಕ ಹಾಕಿ ಹೇಳಿದ್ದು ಅಂದುಕೊಂಡರೆ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ‘ಕೊಪ್ಪಾ’ ಅನ್ನೋ ಕಾಯ್ದೆ ಆಯಿತು. ಹೆತ್ತವರ ಒಪ್ಪಿಗೆ ಇಲ್ಲದೆ 13ಕ್ಕಿಂತ ಚಿಕ್ಕ ಮಕ್ಕಳ ಮಾಹಿತಿ ಸಂಗ್ರಹಿಸಬಾರದು ಅಂತ. ಮೊದಲು ಪ್ರಸ್ತಾಪದಲ್ಲಿದ್ದದ್ದು 16, ಚೌಕಾಸಿಯಲ್ಲಿ 13ಕ್ಕೆ ಇಳಿಯಿತು. ಅದು ಮಾಹಿತಿ ವ್ಯಾಪಾರದ ಕಾಯ್ದೆ, ಮಕ್ಕಳ ಮನಸ್ಸಿನದ್ದಲ್ಲ. ಲೈಕ್ ಗುಂಡಿ ಹುಟ್ಟುವ ಹನ್ನೊಂದು ವರ್ಷ ಮೊದಲಿನ ಆ ಅಂಕಿ ಪ್ರಪಂಚದ ಮಕ್ಕಳಿಗೆಲ್ಲ ಅಳತೆಗೋಲಾಯಿತು. ನಮ್ಮ 2023ರ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅನ್ನುತ್ತದೆ, ಅದೂ ಮಾಹಿತಿಯ ಬಗ್ಗೆಯೇ.

2014ರಲ್ಲಿ ನಿಮ್ಹಾನ್ಸ್‌ನಲ್ಲಿ ‘ಶಟ್ ಕ್ಲಿನಿಕ್’ ಶುರುವಾಯಿತು. ಪೂರ್ತಿ ಹೆಸರು ‘ಸರ್ವಿಸ್ ಫಾರ್ ಹೆಲ್ದಿ ಯೂಸ್ ಆಫ್ ಟೆಕ್ನಾಲಜಿ’. ಡಾ. ಮನೋಜ್ ಕುಮಾರ್ ಶರ್ಮ ಇದರ ಹಿಂದಿನವರು. ಹೆಸರಿನಲ್ಲಿರೋದು ‘ಆರೋಗ್ಯಕರ ಬಳಕೆ’, ‘ಬಿಡಿಸೋದು’ ಅಲ್ಲ, ಗಮನಿಸಿ. ಮೊಬೈಲು ಹೆಂಡದ ಹಾಗೆ ಪೂರ್ತಿ ಬಿಡಿಸಿಬಿಡೋ ವಸ್ತು ಅಲ್ಲ ಅಂತ ಅವರಿಗೆ ಆಗಲೇ ಗೊತ್ತಿತ್ತು. ಆದರೂ ಕ್ಲಿನಿಕ್ ಅನ್ನೋದು ಕ್ಲಿನಿಕ್ಕೇ. ನಿದ್ದೆ ಕೆಟ್ಟು, ಓದು ಕೆಟ್ಟು, ಮನೆಯಲ್ಲಿ ಜಗಳವಾದ ಮೇಲೆ ಹುಡುಗನನ್ನು ಅಪ್ಪ ಅಮ್ಮ ಕರೆದುಕೊಂಡು ಹೋಗುವ ಜಾಗ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಡೇಟಾ ಪುಕ್ಕಟೆ. ಅದರ ಮರುವರ್ಷವೇ ಬ್ಲೂ ವೇಲ್.

ಬ್ಲೂ ವೇಲ್ ನೆನಪಿದೆಯಲ್ಲ? ರಷ್ಯಾದ ಪತ್ರಿಕೆಯೊಂದು 2016ರ ಮೇ ತಿಂಗಳಲ್ಲಿ ಬರೆದ ಒಂದು ವರದಿಯಿಂದ ಎದ್ದ ಸುದ್ದಿ. ಯಾರೋ ಒಬ್ಬ ‘ಕ್ಯುರೇಟರ್’ ಮಕ್ಕಳಿಗೆ ದಿನಕ್ಕೊಂದು ಸವಾಲು ಕೊಟ್ಟು ಕೊನೆಗೆ ಪ್ರಾಣ ತೆಗೆಸುತ್ತಾನೆ ಅಂತ. 2017ರ ಜುಲೈ, ಆಗಸ್ಟಿನಲ್ಲಿ ಅದು ನಮ್ಮ ಟಿವಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓಡಿತು. ಎಲ್ಲಿ ಯಾವ ಹುಡುಗ ತೀರಿಕೊಂಡರೂ ‘ಬ್ಲೂ ವೇಲ್‌ಗೆ ಬಲಿ’ ಅನ್ನೋ ಪಟ್ಟಿ. ಆಗಸ್ಟಿನಲ್ಲಿ ಕೇಂದ್ರ ಐಟಿ ಇಲಾಖೆ ಗೂಗಲ್, ಫೇಸ್‌ಬುಕ್ ಮುಂತಾದವರಿಗೆ ಪತ್ರ ಬರೆದು, ಆ ಆಟದ ಕೊಂಡಿಗಳನ್ನೆಲ್ಲ ತೆಗೆಯಿರಿ ಅಂದಿತು. ಆದರೆ ಡೌನ್‌ಲೋಡ್ ಮಾಡಿಕೊಳ್ಳುವಂಥ ಒಂದು ಆಟವೇ ಇರಲಿಲ್ಲ, ತೆಗೆಯೋದೇನು? ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸರ್ಕಾರ ಒಂದು ಸಮಿತಿ ಮಾಡಿತು. ತೀರಿಕೊಂಡ ಮಕ್ಕಳ ಇಂಟರ್ನೆಟ್ ಬಳಕೆ, ಫೋನಿನ ದಾಖಲೆಗಳನ್ನೆಲ್ಲ ಪರಿಶೀಲಿಸಿದ ಮೇಲೆ, ಯಾವ ಪ್ರಕರಣದಲ್ಲೂ ಬ್ಲೂ ವೇಲ್ ಕೈವಾಡ ಸಾಬೀತಾಗಲಿಲ್ಲ ಅಂತ 2018ರ ಜನವರಿಯಲ್ಲಿ ಸರ್ಕಾರವೇ ಲೋಕಸಭೆಗೆ ತಿಳಿಸಿತು. ಆ ಸುದ್ದಿ ಓಡಲಿಲ್ಲ.

ನನ್ನ ಪ್ರಕಾರ ನಮ್ಮ ಈ ಚರಿತ್ರೆಯಲ್ಲಿ ಅತಿ ಮುಖ್ಯ ಘಟನೆ ಇದೇ. ಎರಡೂ ಪ್ರಶ್ನೆಗಳು ಒಂದೇ ಜಾಗಕ್ಕೆ ಬಂದು ನಿಂತಿದ್ದವು. ‘ಇದು ನಿಜವಾ?’ ಅಂತ ಕೇಳಬೇಕಾದ ದೊಡ್ಡವರು, ಮೇಷ್ಟ್ರುಗಳು, ಅಪ್ಪಂದಿರು, ಟಿವಿಯವರು ಯಾರೂ ಕೇಳಲಿಲ್ಲ. ಆ ಆಟ ಇರಲಿಲ್ಲ ಸರಿ, ಆದರೆ ಆ ಮಕ್ಕಳ ಸಾವು ಸುಳ್ಳಲ್ಲವಲ್ಲ. ‘ಹುಡುಗನಿಗೆ ಏನಾಗ್ತಾ ಇತ್ತು?’ ಅನ್ನೋದನ್ನೂ ಯಾರೂ ಕೇಳಲಿಲ್ಲ. ತಿಮಿಂಗಿಲದ ತಲೆಗೆ ಕಟ್ಟಿದರೆ ಮನೆ, ಪರೀಕ್ಷೆ, ಒಂಟಿತನ ಯಾವುದರ ಬಗ್ಗೆಯೂ ಮಾತಾಡಬೇಕಾಗಿರಲಿಲ್ಲ. (ಈಗ ಆ ಮಾತಿಗೊಂದು ಜಾಗ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ‘ಟೆಲಿ ಮಾನಸ್’, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಬರೆದಿಟ್ಟುಕೊಳ್ಳಿ.)

ಮರುವರ್ಷ ವದಂತಿ ಮಕ್ಕಳ ಹೆಸರಿನಲ್ಲೇ ಕೊಲ್ಲತೊಡಗಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ವಿಡಿಯೋ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ಮೂಲದಲ್ಲಿ ಅದು ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲು ಮಾಡಿದ ಜಾಹೀರಾತು. ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು ಸಂದೇಶ ತೋರಿಸುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದ್ದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು ಅನುಮಾನಕ್ಕೆ ಕಾರಣ ಆಗಿತ್ತು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಿತು.

ಕೇರಳದ ಕಣ್ಣೂರಿನಲ್ಲಿ ಆ ಹೊತ್ತಿಗೆ ಬೇರೆ ಒಂದು ನಡೀತಾ ಇತ್ತು. 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ವಿರುದ್ಧ ವಾಟ್ಸಾಪಿನಲ್ಲಿ ಸುಳ್ಳು ಹರಡಿ ಲಸಿಕೆ ಹಾಕಿಸೋಕೆ ಎಷ್ಟೋ ಜನ ಹಿಂಜರಿದಿದ್ದರು. 2018ರ ಮೇನಲ್ಲಿ ಪಕ್ಕದ ಕೋಳಿಕ್ಕೋಡಿನಲ್ಲಿ ನಿಫಾ ಬಂದಾಗ ಮತ್ತೊಂದು ಸುತ್ತು ಸುಳ್ಳುಗಳು. ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ, ದೊಡ್ಡವರಿಗೆ ಹೇಳಿ ಪ್ರಯೋಜನ ಇಲ್ಲ, ಶಾಲೆಯಿಂದ ಶುರು ಮಾಡೋಣ ಅಂತ ಹೊರಟರು. ಜಿಲ್ಲೆಯ ಸುಮಾರು 600 ಸರ್ಕಾರಿ ಶಾಲೆಗಳಲ್ಲಿ 150ರಲ್ಲಿ ನಲವತ್ತು ನಿಮಿಷದ ತರಗತಿ, ಹೆಸರು ‘ಸತ್ಯಮೇವ ಜಯತೇ’. ಆಕರ್ಷಕ ತಲೆಬರಹ ಕೊಟ್ಟು ಕ್ಲಿಕ್ ಮಾಡಿಸೋದು ಹೇಗೆ, ನಮಗೆ ಇಷ್ಟವಾಗುವುದನ್ನೇ ಮತ್ತೆ ಮತ್ತೆ ಫೋನು ಯಾಕೆ ತೋರಿಸುತ್ತದೆ, ಒಂದು ಫೋಟೋ ಎಲ್ಲಿಂದ ಬಂತು ಅಂತ ಹುಡುಕೋದು ಹೇಗೆ, ಇವೆಲ್ಲ ಪಾಠ. ಇದನ್ನೇ 2022ರಲ್ಲಿ ಇಡೀ ರಾಜ್ಯಕ್ಕೆ ಹಬ್ಬಿಸಿದ್ದು ಹಳೆಯ ಐಟಿ ಅಟ್ ಸ್ಕೂಲ್ (2017ರಿಂದ ಅದರ ಹೆಸರು ‘ಕೈಟ್’). ಅವರ ಲೆಕ್ಕದಲ್ಲಿ 5,920 ತರಬೇತುದಾರರು, 5ರಿಂದ 10ನೇ ತರಗತಿಯವರೆಗಿನ 19.72 ಲಕ್ಷ ಮಕ್ಕಳು. ನಾನು ಮೇಲೆ ಬಾಕಿ ಇಟ್ಟಿದ್ದ ಮಾತು ಇದೇ ನೋಡಿ. ಇಷ್ಟು ಜನ ತರಬೇತುದಾರರನ್ನು ಯಾವ ಕಂಪನಿಯೂ ಗುತ್ತಿಗೆಗೆ ತಂದು ನಿಲ್ಲಿಸೋಕಾಗಲ್ಲ. ಅವರು 2001ರಿಂದ ಬೆಳೆಸಿಕೊಂಡು ಬಂದ ಮೇಷ್ಟ್ರುಗಳ ಪಡೆಯಿಂದ ಹೊರಟದ್ದು. 2024ರಲ್ಲಿ ಸುಳ್ಳುಸುದ್ದಿ ಪತ್ತೆ ಅವರ ಐಸಿಟಿ ಪಠ್ಯಪುಸ್ತಕಕ್ಕೇ ಸೇರಿತು.

ಆದರೆ ಅಲ್ಲಿಯೂ ಇದು ಮೊದಲ ಪ್ರಶ್ನೆಯ ಪಾಠ ಮಾತ್ರ. ಎರಡನೆಯದಕ್ಕೆ 2023ರಲ್ಲಿ ಕೇರಳ ಪೊಲೀಸರು ‘ಡಿ-ಡ್ಯಾಡ್’ ಅನ್ನೋ ಡಿಜಿಟಲ್ ಚಟ ಬಿಡಿಸುವ ಕೇಂದ್ರಗಳನ್ನು ತೆರೆದರು. ಕಣ್ಣೂರಿನಲ್ಲೂ ಒಂದಿದೆ. ಒಂದೇ ಊರು, ಒಂದೇ ಮಗು, ಒಂದೇ ಮೊಬೈಲು. ಸುಳ್ಳಿನ ಬಗ್ಗೆ ಕೇಳಬೇಕಾದರೆ ಕಂಪ್ಯೂಟರ್ ಮೇಷ್ಟ್ರು, ಸಂಕಟದ ಬಗ್ಗೆ ಹೇಳಬೇಕಾದರೆ ಪೊಲೀಸ್ ಕೇಂದ್ರ!

ಎರಡನ್ನೂ ಒಂದೇ ಹಾಳೆಯ ಮೇಲೆ ತಂದದ್ದು ಆಯುಷ್ಮಾನ್ ಭಾರತ್‌ನ ಶಾಲಾ ಆರೋಗ್ಯ ಕಾರ್ಯಕ್ರಮ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ವಾರಕ್ಕೊಂದು ಗಂಟೆ, ಒಟ್ಟು 11 ವಿಷಯ. ಅದರಲ್ಲಿ ಮಾನಸಿಕ ಆರೋಗ್ಯವೂ ಒಂದು, ಇಂಟರ್ನೆಟ್ ಮತ್ತು ಸಾಮಾಜಿಕ ಜಾಲತಾಣಗಳ ಸುರಕ್ಷಿತ ಬಳಕೆಯೂ ಒಂದು. ಬಿಡುಗಡೆ ಆದದ್ದು ಯಾವಾಗ ಗೊತ್ತಾ? 2020ರ ಫೆಬ್ರವರಿಯಲ್ಲಿ. ಮಾರ್ಚಿನಲ್ಲಿ ಶಾಲೆಗಳೇ ಮುಚ್ಚಿದವು. ಅಲ್ಲಿಯವರೆಗೆ ಬ್ಯಾಗಿನಲ್ಲಿ ಸಿಕ್ಕರೆ ಕಿತ್ತಿಟ್ಟುಕೊಳ್ಳುತ್ತಿದ್ದ ಮೊಬೈಲು ಎರಡು ತಿಂಗಳಲ್ಲಿ ಶಾಲೆಯೇ ಆಗಿಹೋಯಿತು. ನಮ್ಮ ರಾಜ್ಯ ಸರ್ಕಾರ ಜೂನಿನಲ್ಲಿ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಅಂತ ನಿಷೇಧಿಸಿತು, ಜುಲೈ 8ಕ್ಕೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬೇಡ, ಬೇಕು, ಕಡ್ಡಾಯ, ಎಲ್ಲವೂ ಒಂದೇ ಬೇಸಿಗೆಯಿಂದ ಮಳೆಗಾಲದೊಳಗೆ. ಹೇಗೆ ಬಳಸಬೇಕು ಅನ್ನೋದನ್ನು ಹೇಳಿಕೊಡಲು ಅಷ್ಟರಲ್ಲಿ ಯಾರಿಗೂ ಪುರುಸೊತ್ತು ಸಿಗಲಿಲ್ಲ.

ಇಷ್ಟೆಲ್ಲ ಪಾಠ ಮಾಡಿದರೆ ಉಪಯೋಗ ಉಂಟಾ? ಅಳೆದು ನೋಡಿದವರಿದ್ದಾರೆ. ಬ್ರಿಟನ್ನಿನಲ್ಲಿ 85 ಶಾಲೆಗಳ 11ರಿಂದ 14 ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ‘ಮಿರಿಯಡ್’ ಅನ್ನೋ ದೊಡ್ಡ ಪ್ರಯೋಗ ನಡೆಯಿತು, ಮೈಂಡ್‌ಫುಲ್‌ನೆಸ್ ಪಾಠದ್ದು. 2022ರ ಫಲಿತಾಂಶ: ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಪ್ರಯೋಜನ ಇಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ ‘ಮನಸ್ಸನ್ನು ಗಮನಿಸಿ’ ಅಂದರೆ ಆಗೋ ಕೆಲಸ ಅಲ್ಲ ಅದು.

ನಮ್ಮ ಬಿಹಾರದ ಎರಡು ಪ್ರಯೋಗಗಳು ಇನ್ನೂ ಕುತೂಹಲದವು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಸುಮಿತ್ರಾ ಬದ್ರಿನಾಥನ್ ಅನ್ನೋ ಸಂಶೋಧಕಿ 1,224 ಜನರ ಜೊತೆ ಪ್ರಯೋಗ ಮಾಡಿದರು. ಮನೆಗೇ ಹೋಗಿ ಸುಮಾರು ಒಂದು ಗಂಟೆ ಕೂತು ಸುಳ್ಳುಸುದ್ದಿ ಗುರುತಿಸೋದು ಹೇಗೆ ಅಂತ ಹೇಳಿಕೊಟ್ಟರು. ಒಟ್ಟಾರೆ ಪರಿಣಾಮ ಸೊನ್ನೆ. ಅವರೇ ಬಿಡದೆ, ಬೇರೆಯವರ ಜೊತೆ ಸೇರಿ ಬಿಹಾರ ಸರ್ಕಾರದೊಂದಿಗೆ ಎರಡನೇ ಪ್ರಯತ್ನ ಮಾಡಿದರು. ಈ ಸಲ 583 ಹಳ್ಳಿಗಳ 13,500ಕ್ಕೂ ಹೆಚ್ಚು ಶಾಲಾ ಮಕ್ಕಳು, ಸ್ಥಳೀಯ ಗ್ರಂಥಾಲಯಗಳಲ್ಲಿ ತರಗತಿ, 14 ವಾರಗಳಲ್ಲಿ ಹರಡಿದ ನಾಲ್ಕು ಪಾಠ. ಅರ್ಧ ಮಕ್ಕಳಿಗೆ ಇದು, ಉಳಿದವರಿಗೆ ಇಂಗ್ಲಿಷ್ ಪಾಠ. ಈ ಸಲ ಫಲ ಕೊಟ್ಟಿತು. ನಾಲ್ಕು ತಿಂಗಳ ನಂತರ ಕೇಳಿದಾಗಲೂ ಮಕ್ಕಳು ನಿಜ ಯಾವುದು, ಸುಳ್ಳು ಯಾವುದು ಅಂತ ಬೇರ್ಪಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ತರಗತಿಗೆ ಬಾರದೇ ಇದ್ದ ಅವರ ಅಪ್ಪ ಅಮ್ಮಂದಿರೂ ಸುಧಾರಿಸಿದ್ದರು! 2010ರಲ್ಲಿ ನಿಮ್ಹಾನ್ಸ್ ಪಾಠ ದಾಟಲಾಗದೇ ನಿಂತಿದ್ದ ಮನೆಯ ಹೊಸಿಲನ್ನು ಈ ಪಾಠ ದಾಟಿತ್ತು. ದೊಡ್ಡವರಿಗೆ ನೇರವಾಗಿ ಹೇಳಿದಾಗ ಕೇಳದಿದ್ದದ್ದು ಮಗಳು ಊಟದ ಹೊತ್ತಿಗೆ ‘ಅಮ್ಮಾ, ಇದು ಸುಳ್ಳು’ ಅಂದಾಗ ಕೇಳಿರಬೇಕು.

ಎರಡನೇ ಪ್ರಶ್ನೆಯ ಬಗ್ಗೆ ಗದ್ದಲ ಜಾಸ್ತಿ. 2019ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರೂ ಶಿಬಿಲ್‌ಸ್ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಅಂಕಿ ಅಂಶ ಜಾಲಾಡಿ, ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4 ಅಂದರು. ಆಲೂಗಡ್ಡೆ ತಿನ್ನೋದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು ಕಾಣಿಸಿತಂತೆ :-) ಆದರೆ ಸರಾಸರಿಯನ್ನು ನಂಬಿ ಕೂರುವ ಹಾಗಿಲ್ಲ. 2021ರಲ್ಲಿ ಫ್ರಾನ್ಸಿಸ್ ಹೌಗನ್ ಹೊರಹಾಕಿದ ಫೇಸ್‌ಬುಕ್ಕಿನ ಒಳಗಿನ ಕಾಗದಗಳಲ್ಲಿ ಬೇರೆ ಚಿತ್ರ ಇತ್ತು. ತಮ್ಮ ಮೈಕಟ್ಟಿನ ಬಗ್ಗೆ ಮೊದಲೇ ಬೇಸರಪಡುತ್ತಿದ್ದ ಹುಡುಗಿಯರಲ್ಲಿ ಮೂರರಲ್ಲಿ ಒಬ್ಬಳು, ಇನ್‌ಸ್ಟಾಗ್ರಾಂ ನೋಡಿ ಬೇಸರ ಹೆಚ್ಚಾಯಿತು ಅಂದಿದ್ದಳು. ನೂರು ಮಕ್ಕಳಲ್ಲಿ ತೊಂಬತ್ತಕ್ಕೆ ಏನೂ ಆಗದೆ ಹತ್ತಕ್ಕೆ ಬಹಳ ಆದರೆ ಸರಾಸರಿಯಲ್ಲಿ ಆ ಹತ್ತು ಕಾಣೋದಿಲ್ಲ. ತರಗತಿಯಲ್ಲಿ ನಿಂತ ಮೇಷ್ಟ್ರಿಗೆ ಕಾಣಬಹುದು, ಎರಡೂ ಪ್ರಶ್ನೆ ಕೇಳಲು ಅವರಿಗೆ ಬಂದರೆ.

ಈಗ ಎಲ್ಲೆಲ್ಲೂ ನಿಷೇಧದ ಮಾತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಈ ಜಾಲಗಳಲ್ಲಿ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಹೈಕೋರ್ಟಿನಲ್ಲೂ 2023ರಲ್ಲೇ ಇಂಥ ವಯಸ್ಸಿನ ಮಿತಿಯ ಬಗ್ಗೆ ನ್ಯಾಯಮೂರ್ತಿಗಳು ಮಾತಾಡಿದ್ದರು. ನಿಷೇಧದ ಪರ ವಿರೋಧ ಇಲ್ಲಿ ಬೇಡ, ಅದು ಇನ್ನೊಂದು ಉದ್ದದ ಬರಹ. ನನಗೆ ಕುತೂಹಲ ಇರೋದು ಆ ವಾರದ ಒಂದು ಗಂಟೆಯ ಬಗ್ಗೆ. 11 ವಿಷಯಗಳ ಆ ಗಂಟೆ ಕಾಗದದ ಮೇಲೆ ನಮ್ಮ ಶಾಲೆಗಳಿಗೂ ಇದೆ. ಓದುತ್ತಿರುವವರಲ್ಲಿ ಹೈಸ್ಕೂಲ್ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ ನಿಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಅದು ಯಾವ ದಿನ, ಎಷ್ಟನೇ ಪೀರಿಯಡ್, ಯಾರು ತಗೊಳ್ತಾರೆ, ಅಥವಾ ಗಣಿತಕ್ಕೆ ಹೋಗಿಬಿಟ್ಟಿದೆಯಾ, ದಯವಿಟ್ಟು ಬರೆದು ತಿಳಿಸಿ.